ಮುಖ್ಯಮಂತ್ರಿಗಳೇ, ಖಾಲಿ ಸೈಟಿನ ಮೇಲೆ ತೆರಿಗೆ ಹಾಕಿ, ಮೊದಲ ಮನೆ ಕೊಳ್ಳುವವರನ್ನು ಬಿಡಿ

ಮಾನ್ಯ ಮುಖ್ಯಮಂತ್ರಿಗಳಿಗೆ ನಮಸ್ಕಾರ.

ನಾನು ಮೈಸೂರಿನವಳು. ಬಟ್ಟೆ ಹೊಲಿಯುತ್ತೇನೆ, ಯಜಮಾನರು ಸ್ಕೂಲ್ ವ್ಯಾನ್ ಓಡಿಸುತ್ತಾರೆ. ಬಾಡಿಗೆ ಮನೆ ಬದಲಿಸಿ ಬದಲಿಸಿ ಸಾಕಾಗಿ, 2025ರಲ್ಲಿ 20x30ರ ಒಂದು ಹಳೇ ಮನೆ ಮಾತಾಡಿದೆವು. 30 ಲಕ್ಷ.

ಆಗಸ್ಟ್ ಕೊನೆಯ ವಾರಕ್ಕೆ ರಿಜಿಸ್ಟ್ರೇಷನ್ ಸ್ಲಾಟ್ ಸಿಕ್ಕಿತ್ತು. ಮನೆ ಮಾರುತ್ತಿದ್ದ ಅಜ್ಜನನ್ನು ಆಟೋದಲ್ಲಿ ಕೂರಿಸಿಕೊಂಡು ಬೆಳಿಗ್ಗೆಯೇ ಹೋದೆವು. ಸರ್ವರ್ ಇಲ್ಲ ಅಂದರು. ಅಜ್ಜನಿಗೆ ಶುಗರ್ ಇದೆ, ಊಟಕ್ಕೆ ಎದ್ದು ಹೋದರೆ ಎಲ್ಲಿ ಕರೆದುಬಿಡುತ್ತಾರೋ ಅಂತ ಎರಡು ಬಿಸ್ಕತ್ತು ತಿಂದು ಸಂಜೆವರೆಗೂ ಅದೇ ಬೆಂಚಿನ ಮೇಲೆ ಕೂತರು, ಕೊನೆಗೆ ಮುಂದಿನ ವಾರ ಬನ್ನಿ ಅಂತ ಕಳಿಸಿದರು. ಮುಂದಿನ ವಾರ ಅಂದರೆ ಸೆಪ್ಟೆಂಬರ್. ಅಷ್ಟರಲ್ಲಿ, ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತ್ತು. ಒಂದೇ ಏಟಿಗೆ 30 ಸಾವಿರ ಜಾಸ್ತಿ! ನಾವು ಹೇಳಿದ ದಿನಕ್ಕೇ ಬಂದಿದ್ದೆವಲ್ಲ ಸಾರ್ ಅಂದರೆ, "ನಾವೇನು ಮಾಡೋಣಮ್ಮ, ಮೇಲಿಂದ ಆರ್ಡರ್" ಅಂದರು. ಆ ಮೇಲಿನವರು ನೀವೇ ಅಲ್ವಾ?

ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್, ಈ ಶುಲ್ಕ, ಎಲ್ಲ ಸೇರಿ ಶೇ 7.6. ನಾವು ಕಟ್ಟಿದ್ದು 2 ಲಕ್ಷ 28 ಸಾವಿರ. ಈ ದುಡ್ಡಿಗೆ ಬ್ಯಾಂಕು ಸಾಲ ಕೊಡಲಿಲ್ಲ. ನನ್ನ ಬಳೆಗಳು ಇನ್ನೂ ಅಡವಿನಲ್ಲೇ ಇವೆ.

ನಿಯಮ ನಿಮಗೆ ಗೊತ್ತು. ಹೊಸ ಫ್ಲ್ಯಾಟ್‌ನ ಮೊದಲ ನೋಂದಣಿಗೆ ಸ್ಟ್ಯಾಂಪ್ ಡ್ಯೂಟಿ 20 ಲಕ್ಷದವರೆಗೆ ಶೇ 2, 45 ಲಕ್ಷದವರೆಗೆ ಶೇ 3. ಹಳೇ ಮನೆ ಕೊಳ್ಳುವವರಿಗೆ ಯಾಕಿಲ್ಲ? ಚಿಕ್ಕ ಸೈಟ್ ತಗೊಂಡು ದುಡ್ಡು ಕೂಡಿದಂತೆ ಗೋಡೆ ಏರಿಸುವವರಿಗೆ ಯಾಕಿಲ್ಲ? ಕೈಯಲ್ಲಿ ಕಾಸು ಕಡಿಮೆ ಇರುವವರು ಕೊಳ್ಳುವುದೇ ಇಂಥದ್ದನ್ನು. 45 ಲಕ್ಷದ ಮಿತಿಯಾದರೂ 2021ರದ್ದು. 2023ರ ಅಕ್ಟೋಬರ್‌ನಲ್ಲಿ ಗೈಡೆನ್ಸ್ ವ್ಯಾಲ್ಯೂ, ಅಂದರೆ ಆಸ್ತಿಗೆ ಸರ್ಕಾರವೇ ಗೊತ್ತುಮಾಡುವ ಕನಿಷ್ಠ ಬೆಲೆ, ಏರಿಸುವಾಗ ಈ ಮಿತಿ ಯಾರಿಗೂ ನೆನಪಾಗಲಿಲ್ಲ.

ಈಗ ನಮ್ಮ ಮನೆ ಎದುರಿಗೆ ನೋಡಿ. ಸಾಲಾಗಿ ಖಾಲಿ ಸೈಟುಗಳು. ಆಳೆತ್ತರ ಪಾರ್ಥೇನಿಯಂ, ಯಾರೋ ಸುರಿದ ಕಟ್ಟಡದ ಮಣ್ಣು, ಮಧ್ಯೆ "ಈ ಸ್ವತ್ತು ಮಾರಾಟಕ್ಕಿಲ್ಲ" ಅನ್ನೋ ಬೋರ್ಡು. ಮಾಲೀಕರು ಬೆಂಗಳೂರಿನಲ್ಲಿದ್ದಾರಂತೆ, ಮುಖ ನೋಡಿದವರಿಲ್ಲ. ರಸ್ತೆ, ಚರಂಡಿ, ಬೀದಿದೀಪ ಬಂದಂತೆಲ್ಲ ಬೆಲೆ ಏರುವುದು ಅವರಿಗೆ. ವರ್ಷಕ್ಕೆ ಕಂದಾಯ ಮಾತ್ರ ಮನೆಯಿರುವ ನಮ್ಮ ಸೈಟಿಗಿಂತ ಕಡಿಮೆ! ನಗರಾಭಿವೃದ್ಧಿ ಪ್ರಾಧಿಕಾರ ಹಂಚಿದ ಸೈಟಿನಲ್ಲಿ ಇಂತಿಷ್ಟು ವರ್ಷದೊಳಗೆ ಮನೆ ಕಟ್ಟಬೇಕೆಂಬ ಷರತ್ತಿದೆ, ಅದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಜಾರಿ ಮಾಡುವವರು ಯಾರು? ಜಾಗ ಹಿಡಿದಿಟ್ಟುಕೊಳ್ಳುವುದು ಇಷ್ಟು ಅಗ್ಗವಾದರೆ ಯಾರು ತಾನೇ ಮಾರುತ್ತಾರೆ? ಕೊಳ್ಳುವವರು ಊರಾಚೆ, ಇನ್ನೂ ಆಚೆ ಹೋಗಬೇಕು, ಹೊಲ ಒಡೆದು ಮಂಜೂರಾತಿ ಇಲ್ಲದೆ ಮಾರುವ, ನೀರೂ ಇಲ್ಲದ ರೆವೆನ್ಯೂ ಸೈಟಿಗೆ.

ಖಾಲಿ ಸೈಟಿನ ತೆರಿಗೆ ಏರಿಸಿ. ಒಂದೇ ಸೈಟ್ ಇಟ್ಟುಕೊಂಡು ಕಟ್ಟಲು ದುಡ್ಡು ಕೂಡಿಸುತ್ತಿರುವವರಿಗೆ ಬೇಡ, ನಾಲ್ಕೈದು ಸೈಟ್ ಹಿಡಿದು ಕೂತವರಿಗೆ ಏರಿಸಿ, ವರ್ಷ ಕಳೆದಂತೆ ಇನ್ನೂ ಏರಿಸಿ. ಬಂದ ದುಡ್ಡಿನಲ್ಲಿ ಮೊದಲ ಮನೆಯವರ ಶುಲ್ಕ ಇಳಿಸಿ. ಹಳೇ ಮನೆಯಾಗಲಿ, 20x30 ಸೈಟಾಗಲಿ, ಮೊದಲನೆಯದು ಅಂದಮೇಲೆ ಶುಲ್ಕ ಇಳಿಸಿ. ಸರ್ವರ್ ಕೆಟ್ಟ ದಿನ ಸ್ಲಾಟ್ ಇದ್ದವರಿಗೆ ಹಳೇ ದರವನ್ನೇ ಹಾಕಿ, ಜಾಸ್ತಿ ಕಟ್ಟಿಸಿಕೊಂಡಿದ್ದನ್ನು ವಾಪಸ್ ಕೊಡಿ.

ಬರುವ ಬಜೆಟ್‌ನಲ್ಲಿ ಖಾಲಿ ಸೈಟಿನ ತೆರಿಗೆ ಏರಿಸುತ್ತೀರೋ ಇಲ್ಲವೋ, ಅಷ್ಟು ಹೇಳಿ.

ಇಂತಿ,
ಮೈಸೂರಿನ ಒಬ್ಬ ಟೈಲರ್