ನೀನು ಹಾಕಿದ ಕಿತ್ತಳೆ ಮೆಸೇಜ್ ಬಗ್ಗೆ, ಪುಟ್ಟಾ

ಪುಟ್ಟಾ, ಹುಷಾರಾಗಿದೀಯ ತಾನೆ? ಇಲ್ಲಿ ಅಜ್ಜಿ ಮಂಡಿನೋವು ಒಂದು ಬಿಟ್ರೆ ಎಲ್ರೂ ಆರಾಮ. ಏಪ್ರಿಲ್ 27ಕ್ಕೆ ಅಲ್ಲಿ ನೆದರ್ಲೆಂಡ್ಸಲ್ಲಿ ರಾಜನ ಹುಟ್ಟಿದಹಬ್ಬ ಅಂತ ನೀನೂ ಕಿತ್ತಳೆ ಬಣ್ಣದ ಟೀಶರ್ಟ್ ಹಾಕ್ಕೊಂಡು ನಿಂತಿರೋ ಫೋಟೋನ ನಿಮ್ಮಮ್ಮ ನಾಲ್ಕು ಸಲ ಜೂಮ್ ಮಾಡಿ ನೋಡಿ ಸೊರಗಿದಾನೆ ಅಂತ ಗೊಣಗಿದ್ಲು. ಅದರ ಕೆಳಗೆ ನೀನು ಬರೆದಿದ್ಯಲ್ಲ, ಆರೆಂಜ್ ಹಣ್ಣಿನ ಹೆಸರಷ್ಟೇ ಅಲ್ಲ, ಆರೆಂಜ್ ಅನ್ನೋ ಡಚ್ ರಾಜಮನೆತನದ ಹೆಸರೂ ನಮ್ಮ ದ್ರಾವಿಡ ಮಾತೇ ಅಂತ, ಗ್ರೂಪಲ್ಲಿ ಎಲ್ರೂ ಹೆಬ್ಬೆಟ್ಟು ಒತ್ತಿದ್ರು, ನಾನೊಬ್ಬ ಒತ್ತಲಿಲ್ಲ. ಬೇಜಾರ್ ಮಾಡ್ಕೋಬೇಡ, ಯಾಕಂತ ಹೇಳ್ತೀನಿ.

ಹಣ್ಣಿನ ಹೆಸರಿನ ಮಟ್ಟಿಗೆ ನೀನು ಹೇಳಿದ್ದು ಸರಿ ಇರಬೋದು. ತಮಿಳರ ನಾರ್ತಂಗಾಯಿ, ಮಲಯಾಳಿಗಳ ನಾರಂಗ ಇದಾವಲ್ಲ, ಸಂಸ್ಕೃತದ ನಾರಂಗಕ್ಕೆ ಇಂಥ ದ್ರಾವಿಡ ಮೂಲಾನೇ ಅಂತ ತುಂಬ ಭಾಷಾತಜ್ಞರ ಅಭಿಪ್ರಾಯ. ಅಲ್ಲಿಂದ ಪಾರ್ಸಿಗೆ ನಾರಂಗ್, ಅರಬ್ಬಿಗೆ ನಾರಂಜ್, ಸ್ಪೇನಿಗೆ ನರಾಂಹ. ಇಟಲಿಗೆ ಬರೋ ಹೊತ್ತಿಗೆ ಮುಂದಿನ 'ನ' ಹಿಂದಿನ ಪದಕ್ಕೆ ಅಂಟ್ಕೊಂಡು ಉದುರಿ ಅರಾಂಚಾ ಆಯ್ತು, ಫ್ರೆಂಚರು ಒರಾಂಜ್ ಅಂದ್ರು.

ಆದ್ರೆ ರಾಜಮನೆತನದ ಆರೆಂಜೇ ಬೇರೆ ಕಣೋ. ಅದು ದಕ್ಷಿಣ ಫ್ರಾನ್ಸಿನ ಒಂದು ಊರು, ರೋಮನ್ನರ ಕಾಲದಲ್ಲಿ ಹೆಸರು ಅರಾವ್ಸಿಯೊ, ಹಣ್ಣಿಗೂ ಅದಕ್ಕೂ ಹುಟ್ಟಿನ ಸಂಬಂಧವೇ ಇಲ್ಲ. 1544ರಲ್ಲಿ ಆ ಸಂಸ್ಥಾನ ವಿಲಿಯಂ ಅನ್ನೋ ಹನ್ನೊಂದು ವರ್ಷದ ಹುಡುಗನ ಪಾಲಿಗೆ ಬಂತು, ಅವನೇ ಮುಂದೆ ಡಚ್ಚರ ನಾಯಕ. ಊರಿನ ಹೆಸರು ಹಣ್ಣಿನ ಹೆಸರಿನ ಥರ ಕೇಳ್ಸಿದ್ದಕ್ಕೆ ಬಣ್ಣ ಮೈಗೆ ಬಂತು ಅಷ್ಟೆ. ಅದಕ್ಕೇ ಹೇಳೋದು, ಎರಡು ಪದ ಒಂದೇ ಥರ ಕೇಳಿದ ತಕ್ಷಣ ಅಣ್ಣತಮ್ಮ ಮಾಡ್ಬೇಡ, ಮೊದ್ಲು ಅವು ಬಂದ ದಾರಿ ನೋಡು.

ನಾನೂ ಬೇಸ್ತು ಬಿದ್ದೋನೇ. ಒಂದ್ಸಲ ಕಣ್ಣೂರಲ್ಲಿ ಬಿಸಿಲಿಗೆ ಬಾಯಾರಿ ಅಂಗಡಿಯವನ ಹತ್ರ ಒಂದು ಕೇಜಿ ನಾರಂಗ ಕೊಡಿ ಅಂದೆ, ಕಿತ್ತಳೆ ಕೊಡ್ತಾನೆ ಅಂತ, ಆಸಾಮಿ ನಿಂಬೆಹಣ್ಣು ತೂಗಿ ಕೈಗಿಟ್ಟ! ಅವರಿಗೆ ನಾರಂಗ ಅಂದ್ರೆ ನಿಂಬೆ. ಪದ ಅಲ್ಲೇ ಇತ್ತು, ಹಣ್ಣು ಬೇರೆ.

ಯುರೋಪಲ್ಲೂ ಇದೇ ಕಥೆ. ಅರಬ್ಬರ ಕಡೆಯಿಂದ ಮೊದ್ಲು ಹೋಗಿದ್ದು ಹುಳಿಕಹಿ ಹಣ್ಣು. ಸಿಹಿ ಹಣ್ಣನ್ನ ಆಮೇಲೆ ಪೋರ್ಚುಗೀಸರು ಹರಡಿದ್ರು, ಹಂಗಾಗಿ ಗ್ರೀಕರು ಸಿಹೀದಕ್ಕೆ ಪೊರ್ತೊಕಾಲಿ ಅಂತಾರೆ, ಪೋರ್ಚುಗಲ್ ಹೆಸರಲ್ಲೇ, ಹುಳೀದಕ್ಕೆ ಮಾತ್ರ ಹಳೇ ನೆರಾಂಜಿ ಉಳ್ಕೊಂಡಿದೆ. ನೀನು ದಿನಾ ತಿನ್ನೋ ಹಣ್ಣಿಗೆ ಡಚ್ಚರು ಸಿನಾಸಪ್ಪಲ್ ಅಂತಾರಲ್ಲ, ಅಂದ್ರೆ ಚೀನಾ ಸೇಬು. ಓರಾನ್ಯ ಅನ್ನೋದು ಬಣ್ಣಕ್ಕೆ. ಸೂಪರ್‌ಮಾರ್ಕೆಟ್ಟಲ್ಲಿ ಇಂಗ್ಲಿಷಲ್ಲೇ ಕೆಲಸ ಮುಗಿಸ್ಕೊಂಡು ಬರಬೇಡ, ಸಂತೇಲಿ ಅವರ ಮಾತಲ್ಲೇ ಕೇಳು, ತಪ್ಪಾದ್ರೆ ನಗ್ತಾರೆ, ನಗ್ಲಿ ಬಿಡು.

ಅಜ್ಜಿ ಹೇರಳೆಕಾಯಿ ಉಪ್ಪಿನಕಾಯಿ ಹಾಕಿದಾರೆ, ಮುಂದಿನ ತಿಂಗಳು ಆ ಕಡೆ ಬರೋರ ಕೈಲಿ ಕಳಿಸ್ತೀನಿ. ನಿನ್ನ ಗ್ರೀಕ್ ರೂಮ್‌ಮೇಟ್ ಏನಿದು ಅಂತ ಕೇಳಿದ್ರೆ ನೆರಾಂಜಿ ಥರದ್ದು ಅನ್ನು, ಅರ್ಥ ಆಗತ್ತೆ, ಆದ್ರೆ ಖಾರ ಇದೆ ಅಂತ ಮೊದ್ಲೇ ಹೇಳ್ಬಿಡು.

ನಿನ್ನ ಮಾವ