ಟಾಮ್‌ಕ್ಯಾಟ್ ಇನ್ನು ವರ್ಚುವಲ್ ಮಷೀನಿನ ಹೊರಗೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್‌ಗೆ ನಮ್ಮಿಂದ ಸಿದ್ಧ ಡಿಸ್ಕ್ ಪಡೆದಿರುವ ಪುಣೆಯ ಕನ್ನಡಿಗ ಡೆವಲಪರುಗಳಿಗೆ ಈ ಪತ್ರ. ನಿಮ್ಮ ಮರಾಠಿ ಸಹೋದ್ಯೋಗಿಗಳಿಗೆ ಇದೇ ವಿಷಯವನ್ನು ಇಂಗ್ಲಿಷಿನಲ್ಲಿ ಬೇರೆ ಕಳಿಸಿದ್ದೇವೆ.

ಇದುವರೆಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮತ್ತು ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಟಾಮ್‌ಕ್ಯಾಟ್ ಸರ್ವರ್ ಎರಡನ್ನೂ ಒಂದೇ ಲಿನಕ್ಸ್ ವಿಎಂ (ವರ್ಚುವಲ್ ಮಷೀನ್) ಒಳಗೆ ಕೂರಿಸಿ ಕೊಡುತ್ತಿದ್ದೆವು. ಮುಂದಿನ ತಿಂಗಳಿನಿಂದ ಡೇಟಾಬೇಸ್ ಮಾತ್ರ ವಿಎಂನಲ್ಲಿ ಉಳಿಯುತ್ತದೆ. ಟಾಮ್‌ಕ್ಯಾಟ್ ನೇರವಾಗಿ ನಿಮ್ಮ ವಿಂಡೋಸ್ ಮೇಲೆಯೇ ಓಡುತ್ತದೆ. ವಾರ್ಷಿಕ ಶುಲ್ಕ ಮೊದಲಿನಷ್ಟೇ.

ಈ ಬದಲಾವಣೆಗೆ ಕಾರಣ ಎರಡು. ಕೋಡ್ ತಿದ್ದಿ ಉಳಿಸಿದರೂ ಬ್ರೌಸರಿನಲ್ಲಿ ಹಳೆಯ ಪುಟವೇ ಕಾಣುತ್ತದೆ ಎಂಬ ದೂರು ನಮಗೆ ಪದೇ ಪದೇ ಬರುತ್ತದೆ, ಇದು ಮೊದಲನೆಯದು. ಕಡತ ಇರುವುದು ವಿಂಡೋಸ್‌ನಲ್ಲಿ. ವಿಎಂ ಅದನ್ನು ನೋಡುವುದು ಶೇರ್ಡ್ ಫೋಲ್ಡರಿನ ಮೂಲಕ. ಕಡತ ಬದಲಾಯಿತೆಂಬ ಸೂಚನೆ ಆ ದಾರಿಯಲ್ಲಿ ಲಿನಕ್ಸಿಗೆ ತಲುಪುವುದಿಲ್ಲ. ಸೂಚನೆಯನ್ನೇ ನಂಬಿ ಕುಳಿತ, ತಿದ್ದಿದ ಕೋಡನ್ನು ಓಡಲು ಸಿದ್ಧಪಡಿಸುವ ಬಿಲ್ಡ್ ಉಪಕರಣಗಳು ಕಾಯುತ್ತಲೇ ಇರುತ್ತವೆ.

ಎರಡನೆಯದು ಮೆಮೊರಿ. 16 ಜಿಬಿ ಲ್ಯಾಪ್‌ಟಾಪಿನಲ್ಲಿ ಹಳೆಯ ವಿಎಂಗೆ 8 ಜಿಬಿ ಮೀಸಲಿಟ್ಟಿದ್ದೆವು. ಹೊಸದಕ್ಕೆ 4 ಸಾಕು. ಆದರೆ ಉಳಿದಿದ್ದೆಲ್ಲ ಲಾಭ ಎಂದುಕೊಳ್ಳಬೇಡಿ. ಟಾಮ್‌ಕ್ಯಾಟ್ ಓಡುವುದು ಜಾವಾ ಮೇಲೆ. ಮಿತಿ ಹಾಕದಿದ್ದರೆ ಜಾವಾ ತನ್ನ ಹೀಪನ್ನು (ಅಂದರೆ ಕೆಲಸಕ್ಕೆ ಬಳಸುವ ಮೆಮೊರಿಯನ್ನು) ಯಂತ್ರದ ಒಟ್ಟು ಮೆಮೊರಿಯ ಕಾಲುಭಾಗದವರೆಗೆ ಬೆಳೆಸಬಲ್ಲದು. ಪಕ್ಕದಲ್ಲಿ ವಿಎಂ ಎಷ್ಟು ಹಿಡಿದಿದೆ ಎಂಬುದು ಅದರ ಲೆಕ್ಕಕ್ಕೇ ಇಲ್ಲ. ಎರಡು ಟಾಮ್‌ಕ್ಯಾಟ್ ಎಬ್ಬಿಸಿದರೆ 8 ಜಿಬಿವರೆಗೆ ಅವಕ್ಕೆ, 4 ವಿಎಂಗೆ. ಮಿಕ್ಕ ನಾಲ್ಕರಲ್ಲಿ ವಿಂಡೋಸ್, ಕೋಡ್ ಬರೆಯುವ ಎಕ್ಲಿಪ್ಸ್, ಹತ್ತಾರು ಟ್ಯಾಬ್ ತೆರೆದ ಕ್ರೋಮ್. ಆಮೇಲೆ ಮೌಸ್ ಕೂಡ ತೆವಳುತ್ತದೆ. ಹಾಗಾಗಿ ಟಾಮ್‌ಕ್ಯಾಟಿನ ಬಿನ್ ಫೋಲ್ಡರಿನ ಸೆಟ್‌ಎನ್‌ವಿ (setenv.bat) ಕಡತದಲ್ಲಿ ಹೀಪಿಗೆ 1 ಜಿಬಿ ಮಿತಿ ಹಾಕಿ ಕೊಡುತ್ತಿದ್ದೇವೆ. ಸಾಲದಿದ್ದರೆ ಏರಿಸಿಕೊಳ್ಳಿ, ಆ ಸಾಲನ್ನು ಮಾತ್ರ ಅಳಿಸಬೇಡಿ. ಟಾಮ್‌ಕ್ಯಾಟನ್ನು ಹಿನ್ನೆಲೆಯಲ್ಲಿ ಓಡುವ ವಿಂಡೋಸ್ ಸರ್ವಿಸ್ ಆಗಿ ಹಾಕಿಕೊಂಡವರಿಗೆ ಈ ಕಡತ ಉಪಯೋಗಕ್ಕೆ ಬಾರದು. ಸರ್ವಿಸ್ ಅದನ್ನು ಓದುವುದೇ ಇಲ್ಲ. ಅಂಥವರು ಟಾಮ್‌ಕ್ಯಾಟ್ ಸರ್ವಿಸಿನ ಸೆಟ್ಟಿಂಗ್ಸ್ ಕಿಟಕಿಯ ಜಾವಾ ಟ್ಯಾಬಿನಲ್ಲಿ ಮಿತಿ ನಮೂದಿಸಬೇಕು.

ಹಳೆಯ ವಿಎಂ ಚಾಲನೆಯಲ್ಲಿದ್ದರೆ ಬ್ರೌಸರ್ ಟಾಮ್‌ಕ್ಯಾಟನ್ನು ತಲುಪುವ 8080 ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ) ಅದರ ಕೈಯಲ್ಲೇ ಇರುತ್ತದೆ. ಮೊದಲು ಅದನ್ನು ನಿಲ್ಲಿಸಿ. ಎರಡನೇ ಟಾಮ್‌ಕ್ಯಾಟ್ ಬೇಕಾದವರು ಅದರ 8080 ಪೋರ್ಟನ್ನು ಬದಲಿಸಿ, ಟಾಮ್‌ಕ್ಯಾಟ್ ನಿಲ್ಲಿಸಲು ಬಳಸುವ 8005 ಪೋರ್ಟನ್ನು ಮರೆಯುತ್ತಾರೆ. ನೀವು ಎರಡನ್ನೂ ಬದಲಿಸಿ. ಡೇಟಾಬೇಸಿನ ವಿಳಾಸ ಮುಟ್ಟಬೇಕಿಲ್ಲ. ವಿಎಂನಲ್ಲಿ ಪೋಸ್ಟ್‌ಗ್ರೆಸ್ ಬಳಸುವ 5432 ಪೋರ್ಟನ್ನು ನಿಮ್ಮ ಲೋಕಲ್‌ಹೋಸ್ಟಿಗೇ (ನಿಮ್ಮ ಯಂತ್ರಕ್ಕೇ) ಜೋಡಿಸಿದ್ದೇವೆ. ವಿಂಡೋಸ್‌ನಲ್ಲೂ ಪೋಸ್ಟ್‌ಗ್ರೆಸ್ ಇಟ್ಟುಕೊಂಡವರು ಮೊದಲೇ ತಿಳಿಸಿ, ಬೇರೆ ಪೋರ್ಟ್ ಕೊಡುತ್ತೇವೆ.

ಈ ಬದಲಾವಣೆಯಲ್ಲಿ ನಷ್ಟವೂ ಒಂದಿದೆ. ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ಭೇದವನ್ನು ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ನಿಮ್ಮಲ್ಲಿ ಸರಿಯಾಗಿ ಓಡಿದ್ದು ನಿಮ್ಮ ಗ್ರಾಹಕರ ಲಿನಕ್ಸ್ ಸರ್ವರಿನಲ್ಲಿ ಮುಗ್ಗರಿಸಬಹುದು. ಆದ್ದರಿಂದ ಹಳೆಯ ವಿಎಂ ಅಳಿಸಬೇಡಿ. ಕೋಡನ್ನು ಅವರಿಗೆ ಒಪ್ಪಿಸುವ ಮುನ್ನ ಒಮ್ಮೆ ಅದರಲ್ಲಿ ಓಡಿಸಿ ನೋಡಿ.

ಹೊಸ ಡಿಸ್ಕನ್ನು ನಾವೇ ಬಂದು ಹಾಕಿಕೊಡುತ್ತೇವೆ. ಕೋಥ್ರೂಡ್, ಡೆಕ್ಕನ್ ಕಡೆಯವರಿಗೆ ಯಾವ ದಿನವಾದರೂ ಆದೀತು. ಹಿಂಜವಡಿಯವರಿಗೆ ಶನಿವಾರ ಮಾತ್ರ. ವಾರದ ದಿನಗಳಲ್ಲಿ ಆ ಟ್ರಾಫಿಕ್ಕಿಗೆ ಇಳಿಯುವ ಧೈರ್ಯ ನಮಗಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಗ್ರಾಹಕ ಸೇವಾ ವಿಭಾಗ, ಪುಣೆ