ಡಿಗ್ರಿ ಸ್ಕಾಲರ್‌ಶಿಪ್: ಸೆಕೆಂಡ್ ಪಿಯುಸಿ ಮಕ್ಕಳ ಪಾಲಕರಿಗೆ

ಗದಗ-ಬೆಟಗೇರಿ ಬಳಗದ ಎಲ್ಲಾರಿಗೂ ನಮಸ್ಕಾರ ರೀ. ಮುಂದಿನ ವರ್ಷ ಡಿಗ್ರಿಗೆ ಹೋಗೋ ಮಕ್ಕಳು ಇದ್ದವರು ಪೂರ್ತಿ ಓದ್ರಿ.

ಅರ್ಜಿಗಿಂತ ಮೊದಲು ಹೆಸರು ನೋಡ್ರಿ. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನ್ಯಾಗ ಅಡ್ಡಹೆಸರು ಪೂರ್ತಿ ಇರ್ತದ, ಆಧಾರ್‌ನ್ಯಾಗ ಬರೇ ಇನಿಷಿಯಲ್. ಶಾಣ್ಯಾ ಮಕ್ಕಳ ಅರ್ಜಿ ಇಷ್ಟಕ್ಕ ನಿಂತರ ಹೊಟ್ಟಿ ಉರೀತದ. ಈಗಲೇ ಸರಿ ಮಾಡಿಸ್ರಿ. ಬ್ಯಾಂಕ್ ಖಾತೆ ವಿದ್ಯಾರ್ಥಿ ಹೆಸರಿನ್ಯಾಗ ಇರಲಿ, ಆಧಾರ್ ಸೀಡಿಂಗ್ (ಖಾತೆಗೆ ಆಧಾರ್ ಜೋಡಣೆ) ಆಗೇದೋ ಇಲ್ಲೋ ಬ್ಯಾಂಕಿನ್ಯಾಗ ಕೇಳ್ರಿ. ಪಾಸ್‌ಬುಕ್ ಇದ್ದರಷ್ಟ ಸಾಲಂಗಿಲ್ಲ.

ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯೊಳಗ ಮಾಡಿಸಿಡ್ರಿ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯೊಳಗ ಆ ಪ್ರಮಾಣಪತ್ರದ ಮ್ಯಾಲಿರೋ ಆರ್‌ಡಿ ನಂಬರ್ ಹಾಕಬೇಕಾಗ್ತದ. ಹೊಲ ಇದ್ದವರು ರೈತ ಸಂಪರ್ಕ ಕೇಂದ್ರದಾಗ ಎಫ್‌ಐಡಿ (ರೈತರ ಗುರುತಿನ ನಂಬರ್) ಮಾಡಿಸ್ರಿ, ರೈತರ ಮಕ್ಕಳ ಸ್ಕಾಲರ್‌ಶಿಪ್ ರೈತ ವಿದ್ಯಾನಿಧಿಗೆ ಬೇಕು. 2021ರಾಗ ಶುರುವಾದಾಗ ಬಿಎ, ಬಿಕಾಂ, ಬಿಎಸ್ಸಿ ಹುಡುಗರಿಗೆ ವರ್ಷಕ್ಕ 5,000, ಹುಡುಗ್ಯಾರಿಗೆ 5,500 ರೂಪಾಯಿ ಇಟ್ಟಿದ್ರು.

ಪಿಯುಸಿಯೊಳಗ ಛಲೋ ಮಾರ್ಕ್ಸ್ ತಗೊಂಡವರು ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್ ಬಿಡಬ್ಯಾಡ್ರಿ. ಮನಿ ಆದಾಯ 4.5 ಲಕ್ಷದೊಳಗಿದ್ದು, ಬೋರ್ಡಿನ ಮ್ಯಾಲಿನ ಶೇ. 20ರಾಗ ಬಂದ್ರ ಕೇಂದ್ರ ಸರ್ಕಾರದ ಯೋಜನೆಗೆ ಅರ್ಜಿ ಹಾಕಬಹುದು. ಡಿಗ್ರಿಗೆ ವರ್ಷಕ್ಕ 12,000.

ಹತ್ತನೇತ್ತಾ, ಪಿಯುಸಿ ಎರಡೂ ಸರ್ಕಾರಿ ಶಾಲೆ-ಕಾಲೇಜಿನ್ಯಾಗ ಕಲಿತ ಹುಡುಗ್ಯಾರು ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ತಪ್ಪದ ನೋಡ್ರಿ: ವರ್ಷಕ್ಕ 30,000. ಮಗಳನ್ನ ಡಿಗ್ರಿಗೆ ಕಳಸೋದೋ ಬ್ಯಾಡೋ ಅಂತ ಯೋಚನಿ ಮಾಡೋ ಮನಿಯವರಿಗೆ ಇದನ್ನ ದಯವಿಟ್ಟು ತಿಳಸ್ರಿ.

ಇವ್ಯಾವಕ್ಕೂ ಅರ್ಜಿ ಶುಲ್ಕ ಇಲ್ಲ. ಫೋನ್ ಮಾಡಿ ಒಟಿಪಿ ಕೇಳಿದ್ರ ಹೇಳಬ್ಯಾಡ್ರಿ. ಅರ್ಜಿ ತುಂಬೋದು ತಿಳೀದವರು ಇಲ್ಲೇ ಮೆಸೇಜ್ ಹಾಕ್ರಿ, ಕೂಡಿ ಕುಂತು ತುಂಬೋಣ.